ಆರ್‌ಒ ಯಂತ್ರ ಹೊರಬಿಡುವ ನೀರು: ಎಲ್ಲಿಗೆ ಸಲ್ಲುತ್ತದೆ, ಎಲ್ಲಿಗೆ ಸಲ್ಲದು

ಪ್ರಶ್ನೆ: ನಮ್ಮದು ನಾಲ್ಕು ಜನರ ಮನೆ. ಕುಡಿಯುವುದಕ್ಕೂ ಅಡುಗೆಗೂ ಸೇರಿ ದಿನಕ್ಕೆ ಸುಮಾರು 12 ಲೀಟರ್ ಶುದ್ಧ ನೀರು ಬೇಕಾಗುತ್ತದೆ. ಒಂದು ಲೀಟರ್ ಶುದ್ಧ ನೀರು ಕೊಡಲು ನಮ್ಮ ಆರ್‌ಒ ಯಂತ್ರ ಮೂರು ಲೀಟರ್ ನೀರನ್ನು ಹೊರಗೆ ಬಿಡುತ್ತದೆ. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಪ್ರಮಾಣ) ಮೀಟರ್‌ನಲ್ಲಿ ನಲ್ಲಿಯ ನೀರು 600, ಶುದ್ಧ ನೀರು 45, ಹೊರಬೀಳುವ ನೀರು 780 ತೋರಿಸುತ್ತದೆ. ನಾಲ್ಕು ತಿಂಗಳಿಂದ ಈ ನೀರನ್ನು ಕುಂಡದ ಗುಲಾಬಿ ಗಿಡಗಳಿಗೆ ಹಾಕುತ್ತಿದ್ದೇನೆ. ಈಗ ಎಲೆಗಳ ಅಂಚು ಒಣಗಿ ಕಂದು ಬಣ್ಣಕ್ಕೆ ತಿರುಗುತ್ತಿದೆ, ಕುಂಡದ ಬಾಯಿಯ ಸುತ್ತ ಬಿಳಿ ಪುಡಿ ಕಟ್ಟಿಕೊಂಡಿದೆ. ಅದು ವಿಷದ ನೀರು, ಯಾವುದಕ್ಕೂ ಬಳಸಬಾರದು ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಹೌದೇ? ಪಾತ್ರೆ, ಬಟ್ಟೆ, ನೆಲಕ್ಕೆ ಬಳಸಬಹುದೇ? ಅದನ್ನೇ ಮತ್ತೆ ಯಂತ್ರಕ್ಕೆ ಹಾಯಿಸಿದರೆ ಉಳಿತಾಯವಾಗುವುದಿಲ್ಲವೇ?

ಉತ್ತರ: ನೀವು ಮೀಟರ್ ಹಿಡಿದು ಮೂರೂ ನೀರನ್ನು ಅಳೆದಿರುವುದರಿಂದ ನನ್ನ ಕೆಲಸ ಅರ್ಧ ಹಗುರವಾಗಿದೆ. ಆ ಮೂರು ಅಂಕಿಗಳನ್ನು ಒಮ್ಮೆ ಕೂಡಿ ಕಳೆದು ನೋಡೋಣ. ಯಂತ್ರದೊಳಗೆ ಹೋದದ್ದು ನಾಲ್ಕು ಲೀಟರ್; ಲೀಟರಿಗೆ 600 ಮಿಲಿಗ್ರಾಂನಂತೆ ಅದರಲ್ಲಿದ್ದ ಲವಣ 2,400 ಮಿಲಿಗ್ರಾಂ. ಶುದ್ಧವಾದ ಒಂದು ಲೀಟರ್ ಅದರಲ್ಲಿ 45 ಮಿಲಿಗ್ರಾಂ ತೆಗೆದುಕೊಂಡು ಹೋಯಿತು. ಉಳಿದ 2,355 ಮಿಲಿಗ್ರಾಂ ಮೂರು ಲೀಟರಿನಲ್ಲಿ ಹಂಚಿಕೊಂಡಾಗ ಲೀಟರಿಗೆ 785 ಆಗುತ್ತದೆ. ನಿಮ್ಮ ಮೀಟರ್ ತೋರಿಸುತ್ತಿರುವುದು 780. ಲೆಕ್ಕ ಇಷ್ಟು ಸರಿಯಾಗಿ ಕೂಡಿಬರುವುದರ ಅರ್ಥವೆಂದರೆ, ಯಂತ್ರ ಈ ನೀರಿಗೆ ಹೊಸದಾಗಿ ಏನನ್ನೂ ಬೆರೆಸುತ್ತಿಲ್ಲ. ನಿಮ್ಮ ನಲ್ಲಿಯಲ್ಲಿ ಬರುವ ನೀರೇ, ಅದರಲ್ಲಿದ್ದ ಲವಣಗಳೇ, ಸುಮಾರು 1.3 ಪಟ್ಟು ಗಟ್ಟಿಯಾಗಿ ಹೊರಬರುತ್ತಿವೆ. ಆದ್ದರಿಂದ ಇದು ವಿಷವೂ ಅಲ್ಲ, ಬಚ್ಚಲ ನೀರೂ ಅಲ್ಲ. ‘ವೇಸ್ಟ್ ನೀರು’ ಎಂದು ನಾವೆಲ್ಲರೂ ಕರೆಯುವ ರೂಢಿಯೇ ಅರ್ಧ ಗೊಂದಲಕ್ಕೆ ಕಾರಣ ಎಂದು ನನಗೆ ಅನ್ನಿಸುವುದುಂಟು.

ಇಷ್ಟು ನೀರನ್ನು ಯಂತ್ರ ಹೊರಗೆ ಬಿಡಲೇಬೇಕೇ ಎಂದರೆ, ಸ್ವಲ್ಪಮಟ್ಟಿಗಾದರೂ ಬಿಡಲೇಬೇಕು. ಸಾಧಾರಣ ಫಿಲ್ಟರ್ ಕಸವನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ತುಂಬಿದಾಗ ಅದನ್ನು ತೊಳೆಯುತ್ತೇವೆ ಅಥವಾ ಬದಲಿಸುತ್ತೇವೆ. ಆರ್‌ಒ ಮೆಂಬ್ರೇನ್, ಎಂದರೆ ಯಂತ್ರದೊಳಗಿನ ತೆಳು ಪೊರೆ, ತಡೆಯುವುದು ನೀರಿನಲ್ಲಿ ಕರಗಿದ ಲವಣವನ್ನು. ತಡೆದ ಲವಣ ಪೊರೆಯ ಮೇಲೆಯೇ ಉಳಿದರೆ ಕೆಲವೇ ಹೊತ್ತಿನಲ್ಲಿ ಅಲ್ಲಿನ ನೀರು ಗಟ್ಟಿಯಾಗಿ, ಕ್ಯಾಲ್ಸಿಯಂ ಲವಣಗಳು ಸುಣ್ಣದ ಕರೆಯಾಗಿ ಕೂತು, ಪೊರೆ ಕಟ್ಟಿಕೊಳ್ಳುತ್ತದೆ. ಅದಕ್ಕಾಗಿ ಒಳಬರುವ ನೀರಿನ ಒಂದು ಪಾಲು ಪೊರೆಯ ಮೇಲ್ಮೈಯನ್ನು ಸದಾ ಸವರಿಕೊಂಡು ಹರಿದುಹೋಗುವಂತೆ ಯಂತ್ರವನ್ನು ರೂಪಿಸಿರುತ್ತಾರೆ. ಆ ಪಾಲೇ ನಿಮ್ಮ ಬಕೆಟ್ಟಿಗೆ ಬೀಳುವುದು.

ಇದೇ ಲೆಕ್ಕದಿಂದ ಮತ್ತೊಂದು ಮಾತೂ ಹೊರಡುತ್ತದೆ. ನೀರನ್ನು ಹೆಚ್ಚು ಉಳಿಸುವ ಯಂತ್ರ ಹೊರಬಿಡುವ ನೀರು ಹೆಚ್ಚು ಉಪ್ಪಾಗಿರುತ್ತದೆ. ನಿಮ್ಮದೇ 600ರ ನೀರನ್ನು ಒಂದಕ್ಕೆ ಒಂದು ಲೀಟರ್ ಹೊರಬಿಡುವ ಯಂತ್ರಕ್ಕೆ ಹಾಕಿದರೆ ಹೊರನೀರಿನ ಟಿಡಿಎಸ್ ಸುಮಾರು 1,150ಕ್ಕೆ ಏರುತ್ತದೆ. ಮೂರು ಲೀಟರ್ ಶುದ್ಧ ನೀರಿಗೆ ಒಂದೇ ಲೀಟರ್ ಹೊರಬಿಡುವ ಯಂತ್ರವಾದರೆ 2,250 ದಾಟುತ್ತದೆ. ಹಾಗಾಗಿ ಒಂದು ಮನೆಯಲ್ಲಿ ಗಿಡಕ್ಕೆ ಒಗ್ಗಿದ ನೀರು ಪಕ್ಕದ ಮನೆಯಲ್ಲಿ ಒಗ್ಗದೆ ಹೋದರೆ ಆಶ್ಚರ್ಯವಿಲ್ಲ. ಮೂಲದ ನೀರು ಒಂದೇ ಆಗಿದ್ದರೂ ಯಂತ್ರ ಬೇರೆಯಾದರೆ ಹೊರನೀರೂ ಬೇರೆಯಾಗುತ್ತದೆ.

ಇನ್ನು ಮೀಟರ್ ಹೇಳದ ಸಂಗತಿಗಳು. ಟಿಡಿಎಸ್ ಮೀಟರ್ ಲವಣವನ್ನು ತೂಗುವುದಿಲ್ಲ. ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು ಅಳೆದು, ಅದನ್ನು ಒಂದು ಅಂದಾಜಿನ ಅಂಕಿಯಿಂದ ಗುಣಿಸಿ ತೋರಿಸುತ್ತದೆ. ಅದಕ್ಕೆ ಅಡುಗೆ ಉಪ್ಪೂ ಒಂದೇ, ಸುಣ್ಣದ ಅಂಶವೂ ಒಂದೇ. ಫ್ಲೋರೈಡ್, ಆರ್ಸೆನಿಕ್, ನೈಟ್ರೇಟ್ ಇವೆಯೇ ಎಂಬುದನ್ನು ಅದು ಹೇಳಲಾರದು. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ, ಆರ್ಸೆನಿಕ್ 0.01 ಮಿಲಿಗ್ರಾಂ, ನೈಟ್ರೇಟ್ 50 ಮಿಲಿಗ್ರಾಂ ಎಂದು ಮಾರ್ಗಸೂಚಿ ಮೌಲ್ಯಗಳನ್ನು ಇಟ್ಟಿದೆ. ನಿಮ್ಮ ಮೂಲದ ನೀರು ಕೊಳವೆಬಾವಿಯದಾಗಿದ್ದು ಇವುಗಳಲ್ಲಿ ಯಾವುದಾದರೂ ಮಿತಿಯ ಹತ್ತಿರ ಇದ್ದರೆ ಹೊರನೀರಿನಲ್ಲಿ ಅದು ಮಿತಿಯನ್ನು ದಾಟಿರುತ್ತದೆ. ರೋಗಾಣುಗಳ ಲೆಕ್ಕವೂ ಹೀಗೆಯೇ: ಮೆಂಬ್ರೇನ್ ತಡೆದದ್ದೆಲ್ಲ ಹೊರನೀರಿನ ಜೊತೆಗೇ ಹೋಗುತ್ತದೆ. ಸಾಮಾನ್ಯವಾಗಿ ರೋಗಾಣು ಕೊಲ್ಲುವ ಯುವಿ (ನೇರಳಾತೀತ) ದೀಪವಿರುವುದು ಶುದ್ಧ ನೀರಿನ ಹಾದಿಯಲ್ಲಿ, ಹೊರನೀರಿಗೆ ಅದರ ಬೆಳಕು ತಾಗುವುದೇ ಇಲ್ಲ. ಜೊತೆಗೆ, ಮೆಂಬ್ರೇನನ್ನು ಕ್ಲೋರಿನ್ ಹಾಳುಮಾಡುತ್ತದೆಂದು ಅದಕ್ಕೂ ಮೊದಲೇ ಒಂದು ಕಾರ್ಬನ್ ಫಿಲ್ಟರ್ ಇಟ್ಟು ಕ್ಲೋರಿನ್ ತೆಗೆದುಬಿಟ್ಟಿರುತ್ತಾರೆ. ನಲ್ಲಿಯ ನೀರನ್ನು ಕಾಯುತ್ತಿದ್ದ ಆ ಕಾವಲು ಹೊರನೀರಿಗೆ ಇರುವುದಿಲ್ಲ. ಆದ್ದರಿಂದ ಈ ನೀರನ್ನು ಕುಡಿಯಬಾರದು, ಅಡುಗೆಗೆ ಬಳಸಬಾರದು, ಸಾಕುಪ್ರಾಣಿಗಳಿಗೆ ಇಡಬಾರದು, ಮೀನಿನ ತೊಟ್ಟಿಗೆ ಹಾಕಬಾರದು. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಆದರೆ ಲವಣ ಇನ್ನಷ್ಟು ಗಟ್ಟಿಯಾಗುತ್ತದೆ.

ಹಾಗಾದರೆ ಮೊದಲು ಎಲ್ಲಿಗೆ ಬಳಸಬೇಕು? ಹೆಚ್ಚಿನವರು ಹೊರನೀರು ಎಂದೊಡನೆ ಗಿಡದ ಕಡೆ ನೋಡುತ್ತಾರೆ, ನೀವೂ ಹಾಗೆಯೇ ಮಾಡಿದ್ದೀರಿ. ನಾನು ಮೊದಲು ಶೌಚಾಲಯದ ಕಡೆ ನೋಡುತ್ತೇನೆ. ನಿಮ್ಮ ಯಂತ್ರದಿಂದ ದಿನಕ್ಕೆ 36 ಲೀಟರ್, ಎಂದರೆ ವರ್ಷಕ್ಕೆ 13,000 ಲೀಟರಿಗೂ ಹೆಚ್ಚು ಹೊರಗೆ ಬರುತ್ತದೆ. ಆರು ಲೀಟರಿನ ಫ್ಲಶ್ ಎಂದುಕೊಂಡರೆ ಅದು ದಿನಕ್ಕೆ ಆರು ಸಲದ ನೀರು. ನಾಲ್ಕು ಜನರ ಮನೆಯಲ್ಲಿ ಅಷ್ಟು ಫ್ಲಶ್ ಆಗಿಯೇ ಆಗುತ್ತದೆ. ಅಲ್ಲಿ ಟಿಡಿಎಸ್ 780 ಇದ್ದರೇನು, 1,500 ಇದ್ದರೇನು, ಯಾರಿಗೂ ತೊಂದರೆಯಿಲ್ಲ. ಹೆಚ್ಚೆಂದರೆ ಕಮೋಡಿನಲ್ಲಿ ಬಿಳಿ ಕರೆ ಕೂರುವುದು ಸ್ವಲ್ಪ ಬೇಗವಾಗಬಹುದು. ಬಕೆಟ್ಟಿನಿಂದ ನೇರವಾಗಿ ಸುರಿದರೆ ಸಾಕು, ಫ್ಲಶ್ ಟ್ಯಾಂಕಿಗೆ ಹೊಸ ಪೈಪು ಜೋಡಿಸುವ ಅಗತ್ಯವೂ ಇಲ್ಲ. ಹಾಗೆ ಫ್ಲಶ್ ಮಾಡಿ ಉಳಿಸಿದ ನಲ್ಲಿಯ ನೀರನ್ನು ಗುಲಾಬಿಗೆ ಹಾಕಿ. ಮನೆಯ ಒಟ್ಟು ಉಳಿತಾಯ ಒಂದು ತೊಟ್ಟೂ ಕಡಿಮೆಯಾಗುವುದಿಲ್ಲ. ಉಪ್ಪು ನೀರು ಉಪ್ಪನ್ನು ತಾಳಿಕೊಳ್ಳುವ ಕಡೆಗೆ, ತಿಳಿನೀರು ತಾಳಿಕೊಳ್ಳಲಾರದ ಕಡೆಗೆ ಹೋಗುತ್ತದೆ, ಅಷ್ಟೆ.

ನೆಲ ಒರೆಸುವುದಕ್ಕೆ, ಅಂಗಳ ತೊಳೆಯುವುದಕ್ಕೆ, ಕಾಲೊರೆಸು ನೆನೆಸುವುದಕ್ಕೆ ಧಾರಾಳವಾಗಿ ಬಳಸಬಹುದು. ಹೊಳಪಿನ ಕಪ್ಪು ಕಲ್ಲಿನ ಮೇಲೂ ಗಾಜಿನ ಮೇಲೂ ಮಾತ್ರ ಹನಿ ಆರಿದಲ್ಲೆಲ್ಲ ಬಿಳಿ ಉಂಗುರಗಳು ಮೂಡುತ್ತವೆ. ನಾನೇ ಒಮ್ಮೆ ಗಾಜಿನ ಮೇಜನ್ನು ಈ ನೀರಿನಲ್ಲಿ ಒರೆಸಿ, ಆ ಉಂಗುರಗಳನ್ನು ತೆಗೆಯಲು ಅದಕ್ಕಿಂತ ಹೆಚ್ಚು ನೀರು ಖರ್ಚು ಮಾಡಿದ್ದುಂಟು. ವಾಹನ ತೊಳೆಯುವಾಗಲೂ ಕೆಸರು ಬಿಡಿಸುವ ಮೊದಲ ಸುತ್ತಿಗೆ ಈ ನೀರು ಸರಿ, ಕೊನೆಯ ಸುತ್ತು ಸಾಧಾರಣ ನೀರಿನಲ್ಲಿ ಆಗಬೇಕು. ಪಾತ್ರೆಯ ವಿಷಯದಲ್ಲಿಯೂ ನನ್ನ ಅಭಿಪ್ರಾಯ ಇದೇ: ಎಂಜಲು ಬಿಡಿಸಲು, ತಳ ಹಿಡಿದ ಪಾತ್ರೆ ನೆನೆಹಾಕಲು ಅಂದೇ ಹಿಡಿದ ಹೊರನೀರನ್ನು ಬಳಸಿ, ಸೋಪು ಹೋದ ಮೇಲಿನ ಕೊನೆಯ ಜಾಲನೆಗೆ ಬೇಡ. ಬಟ್ಟೆಗೆ ಬಳಸುವ ಮೊದಲು ಒಂದು ಬಾಟಲಿಯಲ್ಲಿ ಹೊರನೀರು ತುಂಬಿ, ಸ್ವಲ್ಪ ಸೋಪು ಹಾಕಿ ಕುಲುಕಿ ನೋಡಿ. ನೊರೆ ಬಾರದೆ ಬಿಳಿ ಗಸಿ ತೇಲಿದರೆ ನೀರು ಗಡಸು. ಅದರಲ್ಲಿ ಒಗೆದ ಬಟ್ಟೆ ಒರಟಾಗುತ್ತದೆ, ಬಿಳಿ ಬಟ್ಟೆ ಮಾಸಲಾಗುತ್ತದೆ. ಕಬ್ಬಿಣದ ಅಂಶ ಹೆಚ್ಚಿದ್ದರೆ ಹಳದಿ ಕಲೆಯೂ ಬೀಳಬಹುದು. ನೀರು ಕಾಯಿಸುವ ಯಾವ ಉಪಕರಣಕ್ಕೂ, ಅಂದರೆ ಗೀಸರ್, ಹಬೆಯ ಇಸ್ತ್ರಿಪೆಟ್ಟಿಗೆ, ನೀರು ಬಿಸಿಮಾಡಿಕೊಳ್ಳುವ ವಾಷಿಂಗ್ ಮಷೀನ್ ಇವುಗಳಿಗೆ, ಇದನ್ನು ತುಂಬಬೇಡಿ. ಕರೆ ಕೂರುವುದು ಅಲ್ಲಿಯೇ. ಬ್ಯಾಟರಿಗೆ ಹಾಕುವ ಮಾತಂತೂ ಇಲ್ಲವೇ ಇಲ್ಲ, ಅದಕ್ಕೆ ಬೇಕಾದದ್ದು ಭಟ್ಟಿ ಇಳಿಸಿದ ನೀರು.

ಹೊರನೀರನ್ನು ಹಿಡಿಯುವ ಕ್ರಮದಲ್ಲಿ ಜನ ಮಾಡುವ ತಪ್ಪುಗಳು ಎರಡು ಮೂರು ಮಾತ್ರ, ಆದರೆ ದುಬಾರಿಯಾದವು. ಹೊರನೀರಿನ ಸಣ್ಣ ಪೈಪಿನ ತುದಿಗೆ ತಿರುಪು ನಲ್ಲಿ ಕೂರಿಸಿ, ಬೇಕಾದಾಗ ಮಾತ್ರ ತೆರೆಯುವ ‘ಜಾಣತನ’ವನ್ನು ನಾನು ಹಲವು ಕಡೆ ಕಂಡಿದ್ದೇನೆ. ಆ ಪೈಪು ಮುಚ್ಚಿದರೆ ಪೊರೆಯ ಮೇಲಿನ ಹರಿವು ನಿಲ್ಲುತ್ತದೆ, ಲವಣ ಅಲ್ಲಿಯೇ ಕೂರುತ್ತದೆ, ವಾರಗಳಲ್ಲಿಯೇ ಮೆಂಬ್ರೇನ್ ಹಾಳಾಗುತ್ತದೆ. ಪೈಪು ಮಡಿಚಿಕೊಂಡರೂ ಬಕೆಟ್ಟಿನ ಕೆಳಗೆ ಸಿಕ್ಕಿಕೊಂಡರೂ ಪರಿಣಾಮ ಇದೇ. ಪೈಪಿನ ತುದಿ ಬಕೆಟ್ಟಿನ ನೀರಿನಲ್ಲಿ ಮುಳುಗಿರದೆ ಅಂಚಿಗಿಂತ ಮೇಲೆ ನಿಂತಿರಲಿ. ಮುಳುಗಿದ್ದರೆ ಯಂತ್ರ ನಿಂತಾಗ ನಿಂತ ನೀರು ಪೈಪಿನೊಳಕ್ಕೆ ಹಿಂದಕ್ಕೆ ಸೆಳೆದುಕೊಳ್ಳುವ ಅಪಾಯ ಇರುತ್ತದೆ. ನಿಮಿಷಕ್ಕೆ 300 ಮಿಲಿಲೀಟರ್ ಹೊರಬೀಳುವ ಯಂತ್ರ 15 ಲೀಟರಿನ ಬಕೆಟ್ಟನ್ನು 50 ನಿಮಿಷದಲ್ಲಿ ತುಂಬಿಸುತ್ತದೆ. ಆದ್ದರಿಂದ ಬಕೆಟ್ಟಿನ ಮೇಲ್ಭಾಗದಲ್ಲಿ ಒಂದು ತೂತು ಮಾಡಿ, ಉಕ್ಕಿದ ನೀರು ಸಿಂಕಿಗೆ ಹೋಗುವಂತೆ ಪೈಪು ಸಿಕ್ಕಿಸಿಡುವುದು ಒಳ್ಳೆಯದು. ಕ್ಲೋರಿನ್ ಇಲ್ಲದ ನೀರಾದ್ದರಿಂದ ಬೆಳಕು ತೂರದ ಪಾತ್ರೆಯಲ್ಲಿ ಮುಚ್ಚಳ ಹಾಕಿ ಇಡಬೇಕು, ಒಂದೆರಡು ದಿನದೊಳಗೆ ಖಾಲಿ ಮಾಡಬೇಕು. ತೆರೆದಿಟ್ಟ ಬಕೆಟ್ಟಿನಲ್ಲಿ ಸೊಳ್ಳೆಯ ಮೊಟ್ಟೆ ವಾರ, ಒಂದೂವರೆ ವಾರದಲ್ಲಿ ಹಾರುವ ಸೊಳ್ಳೆಯಾಗುತ್ತದೆ.

ಮೆಂಬ್ರೇನನ್ನು ಹೊಸದಾಗಿ ಹಾಕಿಸಿದ ದಿನ ಮೊದಲು ಬರುವ ನೀರನ್ನು, ಶುದ್ಧ ಮತ್ತು ಹೊರನೀರು ಎರಡನ್ನೂ, ಚರಂಡಿಗೇ ಬಿಡಿ. ಕೆಡದಂತೆ ಅದಕ್ಕೆ ಹಚ್ಚಿದ ರಾಸಾಯನಿಕ ಆ ನೀರಿನಲ್ಲಿ ತೊಳೆದುಹೋಗುತ್ತದೆ.

ಹೊರನೀರನ್ನು ಮತ್ತೆ ಯಂತ್ರಕ್ಕೇ ಹಾಯಿಸುವ ಯೋಚನೆ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಆದರೆ 780ರ ನೀರನ್ನು ಹಾಯಿಸಿದರೆ ಮುಂದಿನ ಸುತ್ತಿನಲ್ಲಿ ಹೊರನೀರು ಸುಮಾರು 1,020, ಅದರ ಮುಂದಿನ ಸುತ್ತಿನಲ್ಲಿ 1,330ರ ಆಸುಪಾಸು ಆಗುತ್ತದೆ. ಪ್ರತಿ ಸುತ್ತಿಗೂ ಶುದ್ಧ ನೀರಿನ ಟಿಡಿಎಸ್ ಏರುತ್ತದೆ, ಪಂಪಿಗೆ ಹೊರೆ ಹೆಚ್ಚುತ್ತದೆ, ಪೊರೆಯ ಮೇಲೆ ಕರೆ ಬೇಗ ಕೂರುತ್ತದೆ. ಮನೆಯ ಮೇಲಿನ ದೊಡ್ಡ ಟ್ಯಾಂಕಿಗೆ ಹಿಂದಿರುಗಿಸುವ ಪ್ರಶ್ನೆ ಬೇರೆ: ದಿನಕ್ಕೆ 500 ಲೀಟರ್ ಬಳಸುವ ಮನೆಯಲ್ಲಿ ನಿಮ್ಮ 36 ಲೀಟರ್ ಹೊರನೀರು ಟ್ಯಾಂಕಿಗೆ ಸೇರಿದರೆ ಒಟ್ಟು ಟಿಡಿಎಸ್ ಏರುವುದು ಶೇಕಡಾ 2ರಿಂದ 3ರಷ್ಟು ಮಾತ್ರ. ಲವಣದ ಲೆಕ್ಕದಲ್ಲಿ ಅದು ಏನೂ ಅಲ್ಲ. ಆದರೂ ನಾನು ಅದನ್ನು ಒಪ್ಪುವುದಿಲ್ಲ. ಕ್ಲೋರಿನ್ ಕಳೆದುಕೊಂಡು ಪೈಪಿನಲ್ಲೂ ಬಕೆಟ್ಟಿನಲ್ಲೂ ನಿಂತ ನೀರು ಕುಡಿಯುವ ನೀರಿನ ಮೂಲಕ್ಕೆ ಸೇರಬಾರದು. ಮನೆಯವರು ಬಾಯಿ ಮುಕ್ಕಳಿಸುವುದು ಆ ಟ್ಯಾಂಕಿನ ನೀರಿನಲ್ಲಿಯೇ.

ಹಿಡಿಯುವ ಶ್ರಮಕ್ಕಿಂತ ಮೊದಲು ಹೊರನೀರಿನ ಪ್ರಮಾಣವೇ ತಗ್ಗುತ್ತದೆಯೇ ಎಂದು ನೋಡುವುದು ಮೇಲು. ನಿಮ್ಮ ಒಂದಕ್ಕೆ ಮೂರು ಎಂಬ ಅನುಪಾತ ಕೆಟ್ಟದ್ದೇನಲ್ಲ. ಒಂದು ಲೀಟರಿಗೆ ಐದು ಲೀಟರ್, ಅದಕ್ಕೂ ಹೆಚ್ಚು ಚೆಲ್ಲುವ ಯಂತ್ರಗಳಿವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ನೀರುಳಿತಾಯದ ಗುರುತು ಕೊಡಲು ಇಟ್ಟಿರುವ ಮಿತಿ ಒಂದಕ್ಕೆ 2.3. ಅನುಪಾತವನ್ನು ಮೂರು ತಿಂಗಳಿಗೊಮ್ಮೆ ಅಳೆಯಿರಿ. ಶುದ್ಧ ನೀರಿನ ಪೈಪಿಗೆ ಒಂದು, ಹೊರನೀರಿನ ಪೈಪಿಗೆ ಒಂದು ಅಳತೆಯ ಪಾತ್ರೆ ಇಟ್ಟು ಹತ್ತು ನಿಮಿಷ ಬಿಟ್ಟರೆ ಸಾಕು. ಹೊರನೀರು ಮೊದಲಿನಷ್ಟೇ ಇದ್ದು ಶುದ್ಧ ನೀರು ಕಡಿಮೆಯಾಗುತ್ತಿದ್ದರೆ ಪೊರೆ ಕಟ್ಟಿಕೊಳ್ಳುತ್ತಿದೆ, ಅಥವಾ ಮೆಂಬ್ರೇನಿಗೂ ಮೊದಲಿರುವ ಫಿಲ್ಟರ್‌ಗಳು ತುಂಬಿ ಒತ್ತಡ ಇಳಿದಿದೆ ಎಂದು ತಿಳಿಯಬೇಕು. ಚಳಿಯಲ್ಲಿ ಅಳೆದಿದ್ದರೆ ಗಾಬರಿ ಬೇಡ: ನೀರು ಒಂದು ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಮೆಂಬ್ರೇನ್ ಕೊಡುವ ನೀರು ಸುಮಾರು ಶೇಕಡಾ 3ರಷ್ಟು ಇಳಿಯುತ್ತದೆ. ಇದಕ್ಕಿಂತ ಮುಖ್ಯವಾದ ಪರೀಕ್ಷೆ ರಾತ್ರಿ ಮಾಡಬೇಕಾದದ್ದು. ಶುದ್ಧ ನೀರಿನ ಟ್ಯಾಂಕ್ ತುಂಬಿ ಅರ್ಧ ಗಂಟೆಯಾದ ಮೇಲೂ ಹೊರನೀರಿನ ಪೈಪು ತೊಟ್ಟಿಕ್ಕುತ್ತಿದ್ದರೆ ಒಳಗಿನ ತಡೆಕವಾಟ (ನೀರು ನಿಲ್ಲಿಸುವ ವಾಲ್ವ್) ಸೋತಿದೆ ಎಂದರ್ಥ. ಅಂಥ ಯಂತ್ರ ನೀವು ಮಲಗಿರುವಾಗಲೂ ನೀರು ಚೆಲ್ಲುತ್ತಿರುತ್ತದೆ, ಎಷ್ಟು ಬಕೆಟ್ ಇಟ್ಟರೂ ಸಾಲದು.

ಆರ್‌ಒ ಬೇಕೇ ಎಂಬ ಪ್ರಶ್ನೆಯನ್ನು ನೀವು ಕೇಳಿಲ್ಲ, ಆದರೂ ಒಂದು ಮಾತು. ಟಿಡಿಎಸ್ 600ಕ್ಕಿಂತ ಕಡಿಮೆ ಇರುವ ನೀರಿನ ರುಚಿ ಸಾಮಾನ್ಯವಾಗಿ ಚೆನ್ನಾಗಿರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮದು ಆ ಗೆರೆಯ ಮೇಲಿದೆ. ಪ್ರಯೋಗಾಲಯದ ಪರೀಕ್ಷೆಯಲ್ಲಿ ಫ್ಲೋರೈಡ್, ಆರ್ಸೆನಿಕ್, ನೈಟ್ರೇಟ್ ಮಿತಿಯೊಳಗಿದ್ದು, ಸಮಸ್ಯೆ ರೋಗಾಣುಗಳದು ಮಾತ್ರ ಎಂದಾದರೆ ಯುವಿ ಯಂತ್ರ ಸಾಕಾಗಬಹುದು. ಅದು ಹೊರನೀರನ್ನು ಬಿಡುವುದೇ ಇಲ್ಲ.

ಮನೆಗೆ ವಾಟರ್ ಸಾಫ್ಟ್‌ನರ್ (ಗಡಸು ನೀರನ್ನು ಮೆದುವಾಗಿಸುವ ಯಂತ್ರ) ಹಾಕಿಸಿದವರು ಈ ಉತ್ತರವನ್ನು ತಮ್ಮ ಯಂತ್ರಕ್ಕೆ ಅನ್ವಯಿಸಿಕೊಳ್ಳಬಾರದು. ಸಾಫ್ಟ್‌ನರ್ ತನ್ನನ್ನು ತಾನು ತೊಳೆದುಕೊಳ್ಳುವಾಗ ಬಿಡುವ ನೀರು ಉಪ್ಪು ಕರಗಿಸಿದ ಕಟುವಾದ ದ್ರಾವಣ, ಅದನ್ನು ಯಾವ ಗಿಡಕ್ಕೂ ಹಾಕುವಂತಿಲ್ಲ.

ಈಗ ನಿಮ್ಮ ಗುಲಾಬಿಗೆ ಬರುತ್ತೇನೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೀರಾವರಿ ಮಾರ್ಗಸೂಚಿಯ ಪ್ರಕಾರ ಟಿಡಿಎಸ್ 450ರ ಒಳಗಿನ ನೀರನ್ನು ನಿರ್ಬಂಧವಿಲ್ಲದೆ ಹಾಯಿಸಬಹುದು, 450ರಿಂದ 2,000ದವರೆಗೆ ಎಚ್ಚರ ಬೇಕು, 2,000 ದಾಟಿದರೆ ಕಟ್ಟುನಿಟ್ಟು ಬೇಕು. ನಿಮ್ಮ 780 ಮಧ್ಯದ ಗುಂಪಿಗೆ ಸೇರುತ್ತದೆ, ನಿಮ್ಮ ನಲ್ಲಿಯ 600ರ ನೀರೂ ಅದೇ ಗುಂಪಿನದು. ಹಾಗಿದ್ದೂ ಗಿಡ ಏಕೆ ಬಾಡಿತು? ಆ ಮಾರ್ಗಸೂಚಿ ಹೊಲದ ನೆಲಕ್ಕೆ ಬರೆದದ್ದು; ಅಲ್ಲಿ ಮಳೆ ಬಂದಾಗ ಲವಣ ಬೇರಿನಿಂದ ಕೆಳಗೆ ಇಳಿದುಹೋಗುತ್ತದೆ. ಕುಂಡದಲ್ಲಿ ನೀರು ಆವಿಯಾಗಿ ಮೇಲೆ ಹೋಗುತ್ತದೆ, ಉಪ್ಪು ಉಳಿಯುತ್ತದೆ. ಒಂದು ಕುಂಡಕ್ಕೆ ದಿನಕ್ಕೆ ಒಂದು ಲೀಟರ್ ಹಾಕಿದ್ದೀರಿ, ತಳದಿಂದ ಏನೂ ಸೋರಿಲ್ಲ ಎಂದುಕೊಂಡರೆ ನಾಲ್ಕು ತಿಂಗಳಲ್ಲಿ ಸೇರಿದ ಲವಣ 90 ಗ್ರಾಂ ದಾಟುತ್ತದೆ. ಅಷ್ಟು ಉಪ್ಪನ್ನು ಬೊಗಸೆಯಲ್ಲಿ ತೆಗೆದುಕೊಂಡು ಯಾರೂ ಗುಲಾಬಿಯ ಬುಡಕ್ಕೆ ಹಾಕಲಾರರು, ಆದರೆ ದಿನಕ್ಕಿಷ್ಟೆಂದು ಹಾಕಿದಾಗ ಗೊತ್ತಾಗುವುದಿಲ್ಲ. ಮಣ್ಣಿನಲ್ಲಿ ಉಪ್ಪು ಹೆಚ್ಚಿದಾಗ ತೇವವಿದ್ದರೂ ಬೇರಿಗೆ ನೀರನ್ನು ಎಳೆದುಕೊಳ್ಳುವುದು ಕಷ್ಟವಾಗುತ್ತದೆ. ಒಳಸೇರಿದ ಸೋಡಿಯಂ ಮತ್ತು ಕ್ಲೋರೈಡ್ ಎಲೆಯ ಅಂಚಿಗೆ ಹೋಗಿ ನಿಂತು ಅಲ್ಲಿಂದ ಸುಡಲು ತೊಡಗುತ್ತವೆ. ಗುಲಾಬಿ ಉಪ್ಪನ್ನು ತಾಳದ ಗಿಡ. ಹುರುಳಿಕಾಯಿ, ಕ್ಯಾರೆಟ್, ಈರುಳ್ಳಿ, ಸ್ಟ್ರಾಬೆರಿಗಳೂ ತಾಳುವುದಿಲ್ಲ. ಬೋಗನ್‌ವಿಲ್ಲಾ, ಕಣಗಿಲೆ, ಖರ್ಜೂರದ ಜಾತಿಯವು ಬಹಳಷ್ಟು ತಾಳುತ್ತವೆ, ಹೊರನೀರು ಮಿಕ್ಕಿದರೆ ಅವುಗಳಿಗೆ ಹಾಕಬಹುದು.

ಕುಂಡದ ಅಂಚಿನ ಬಿಳಿ ಪುಡಿಯನ್ನು ಚಮಚದಲ್ಲಿ ಕೆರೆದು ಅದರ ಮೇಲೆ ಎರಡು ಹನಿ ವಿನೆಗರ್ ಬಿಡಿ. ನೊರೆ ಬುರುಗುಟ್ಟಿದರೆ ಅದರಲ್ಲಿ ಸುಣ್ಣದ ಅಂಶ ಇದೆ. ಅಂಥ ನೀರು ಮಣ್ಣನ್ನು ಕ್ಷಾರವಾಗಿಸುವುದರಿಂದ ಎಳೆಯ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಹಳದಿಯಾಗುವುದನ್ನೂ ಕಾಣಬಹುದು. ನೊರೆ ಬಾರದೆ ನೀರಿನಲ್ಲಿ ಸುಲಭವಾಗಿ ಕರಗಿಹೋದರೆ ಅದು ಹೆಚ್ಚಾಗಿ ಸೋಡಿಯಂನಂಥ ಲವಣ. ಎರಡರಲ್ಲಿ ಯಾವುದಾದರೂ ಮೊದಲು ಆ ಪುಡಿಯನ್ನೂ ಮೇಲಿನ ಒಂದು ಬೆರಳಿನಷ್ಟು ಮಣ್ಣನ್ನೂ ಕೆರೆದು ತೆಗೆದುಬಿಡಿ. ಬಳಿಕ ಕುಂಡದ ತಳದ ತೂತು ತೆರೆದಿದೆಯೆಂದು ನೋಡಿಕೊಂಡು, ಕುಂಡದ ಗಾತ್ರದ ಎರಡರಷ್ಟು ನೀರನ್ನು, ಎಂದರೆ 10 ಲೀಟರಿನ ಕುಂಡಕ್ಕೆ 20 ಲೀಟರ್, ಎರಡು ಮೂರು ಸಲವಾಗಿ ನಿಧಾನವಾಗಿ ಸುರಿಯಿರಿ. ಮಳೆನೀರು ಸಿಕ್ಕರೆ ಉತ್ತಮ, ಇಲ್ಲವಾದರೆ ನಲ್ಲಿಯ ನೀರು. ತಟ್ಟೆಯಲ್ಲಿ ಇಳಿದ ನೀರನ್ನು ಕೂಡಲೇ ಚೆಲ್ಲಿ, ಇಲ್ಲದಿದ್ದರೆ ಮಣ್ಣು ಅದನ್ನೇ ಮತ್ತೆ ಹೀರಿಕೊಳ್ಳುತ್ತದೆ. ತಳದಿಂದ ಮೊದಲು ಇಳಿದ ನೀರನ್ನೂ ಕೊನೆಗೆ ಇಳಿದ ನೀರನ್ನೂ ನಿಮ್ಮ ಮೀಟರಿನಲ್ಲಿ ಅಳೆದರೆ ಎಷ್ಟು ಉಪ್ಪು ಹೊರಬಂತೆಂಬುದು ಕಣ್ಣಿಗೇ ಕಾಣುತ್ತದೆ. ಒಂದು ಕುಂಡದ ಉಪ್ಪು ತೊಳೆಯಲು 20 ಲೀಟರ್ ಹೋಯಿತೆಂದರೆ ಆ ಗುಲಾಬಿಯಲ್ಲಿ ಉಳಿಸಿದ ನೀರು ಎಲ್ಲಿಗೆ ಬಂತೆಂಬುದನ್ನು ನೀವೇ ಲೆಕ್ಕ ಹಾಕಿಕೊಳ್ಳಬಹುದು.

ಇದಾದ ಮೇಲೆ ಎರಡು ವಾರ ಗೊಬ್ಬರ ಹಾಕಬೇಡಿ. ರಾಸಾಯನಿಕ ಗೊಬ್ಬರವೂ ಲವಣವೇ. ಸುಟ್ಟ ಅಂಚು ಮತ್ತೆ ಹಸಿರಾಗುವುದಿಲ್ಲ, ಆದ್ದರಿಂದ ಹಳೆಯ ಎಲೆಗಳನ್ನು ನೋಡಿ ಗಿಡದ ಸ್ಥಿತಿಯನ್ನು ಅಳೆಯಬೇಡಿ. ಮುಂದೆ ಒಡೆಯುವ ಚಿಗುರಿನ ಅಂಚು ಹಸಿರಾಗಿಯೇ ಬಲಿತರೆ ಬೇರು ಚೇತರಿಸಿಕೊಂಡಿದೆ. ಅದೂ ಕಂದಿದರೆ ಹಳೆಯ ಮಣ್ಣನ್ನು ಪೂರ್ತಿ ಕೊಡವಿ ಹೊಸ ಮಣ್ಣಿನಲ್ಲಿ ಗಿಡವನ್ನು ಮತ್ತೆ ನೆಡಬೇಕಾಗುತ್ತದೆ.